ಅಗ್ಗದ ಮೈಕಿನಲ್ಲೇ ಚಲೋ ರೆಕಾರ್ಡಿಂಗ್: ಮನೆಯಲ್ಲಿ ಭಜನಿ ಪದ ಹಿಡಿಯುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಭಜನಿ ಮಂಡಳಿಯವರು, ಗೀಗೀ ಮೇಳದವರು, ಮನೆಯಲ್ಲೇ ತತ್ವಪದ ಹಾಡುವವರು ತಮ್ಮ ರೆಕಾರ್ಡಿಂಗ್ ಕಳಿಸಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ದನಿ ಚಲೋ ಬರವಲ್ದು, ಯಾವ ಮೈಕ್ ತಗೊಳ್ಳೂನ್ರಿ?" ಆ ರೆಕಾರ್ಡಿಂಗ್ ಕೇಳಿದರೆ ಮೈಕಿನ ತಪ್ಪು ಸಿಗುವುದೇ ಅಪರೂಪ. ಫ್ಯಾನಿನ ಸದ್ದು ಇರುತ್ತದೆ. ಖಾಲಿ ಪಡಸಾಲೆಯ ಗುಂಯ್ ಇರುತ್ತದೆ. ತಾಳದ ಹೊಡೆತಕ್ಕೆ ಹಾಡಿನ ಮಾತು ಮುಚ್ಚಿಹೋಗಿರುತ್ತದೆ. ಏರುದನಿ ಬಂದಲ್ಲಿ ಕರಕರ ಒಡೆದಿರುತ್ತದೆ. 20 ಸಾವಿರದ ಮೈಕ್ ತಂದರೂ ಈ ನಾಲ್ಕು ಕಾಟ ಹಾಗೇ ಇರುತ್ತವೆ.

ಈಗ ಸಿಗುವ ಅಗ್ಗದ ಸಾಮಾನು ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಚಲೋ ಇದೆ. ಹತ್ತಿರ ಕೂತು ಹಾಡಿದರೆ, 2 ಸಾವಿರದ ಮೈಕ್ ಮತ್ತು 5 ಸಾವಿರದ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ತಾವೇ ಮಾಡುವ ಸದ್ದು ನಮ್ಮ ಮನೆಯ ಸದ್ದಿಗಿಂತ ಕಡಿಮೆ. ಆದರೆ ಕ್ರಮ ತಪ್ಪಬಾರದು. ಮೊದಲು ಹೊತ್ತು, ಆಮೇಲೆ ಕೋಣೆ, ಆಮೇಲೆ ಮೈಕ್, ಆಮೇಲೆ ಮೈಕಿಗೂ ಬಾಯಿಗೂ ಇರುವ ದೂರ, ಕಟ್ಟಕಡೆಗೆ ಕಂಪ್ಯೂಟರ್. ಬಹಳ ಮಂದಿ ಮೈಕ್ ತಂದು, ಕಂಪ್ಯೂಟರಿನಲ್ಲಿ ತಿದ್ದಲು ಕೂತು, ಸುಸ್ತಾಗಿ ಬಿಟ್ಟುಬಿಡುತ್ತಾರೆ. ಕೋಣೆಯ ತನಕ ಹೋಗುವುದೇ ಇಲ್ಲ.

## ಹಂತ 1: ಏನೂ ಕೊಳ್ಳಬೇಡಿ, ಇದ್ದ ಫೋನಿನಲ್ಲೇ ಒಂದು ಪದ ಹಿಡಿಯಿರಿ

ಹಾಡುವವರ ಎದುರಿಗೆ ಒಂದು ಮೊಳ ದೂರ ಫೋನ್ ಇಡಿ. ನೆಲದ ಮೇಲೆ ಬೇಡ, ಎದೆಯ ಎತ್ತರಕ್ಕೆ ಬರುವಂತೆ ಸ್ಟೂಲ್ ಮೇಲೆ ಕೌದಿ ಮಡಚಿ ಅದರ ಮೇಲಿಡಿ. ಏರೋಪ್ಲೇನ್ ಮೋಡ್ ಹಾಕಿ. ಎರಡು ನಿಮಿಷ ಹಾಡು ಹಿಡಿಯಿರಿ. ಆಮೇಲೆ ಎಲ್ಲರೂ ಸುಮ್ನೆ ಕೂತು ಒಂದು ನಿಮಿಷ ಬರೀ ಕೋಣೆಯ ಸದ್ದು ಹಿಡಿಯಿರಿ.

ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ಕೇಳಿ, ಕಿವಿಗೆ ಬಿದ್ದದ್ದನ್ನು ಹಾಳೆಯಲ್ಲಿ ಬರೆಯಿರಿ. ಸುಮ್ಮನಿದ್ದ ನಿಮಿಷದಲ್ಲೂ ಏನೋ ಕೇಳುತ್ತಿದ್ದರೆ ಹಂತ 2ರ ಕೆಲಸ ಬಾಕಿ ಇದೆ. ಹಾಡು ನಿಂತ ಮೇಲೂ ದನಿ ಗೋಡೆಯಲ್ಲಿ ಉಳಿದರೆ ಹಂತ 3. ತಬಲಾವೋ ತಾಳವೋ ಹಾಡನ್ನು ನುಂಗುತ್ತಿದ್ದರೆ ಹಂತ 6. ಒಡೆದ ದನಿ ಇದ್ದರೆ ಹಂತ 7.

ಒಂದು ವಿಷಯ ಗಮನಿಸಿ. ಫೋನಿನ ರೆಕಾರ್ಡರ್‌ನಲ್ಲಿ ಸದ್ದು ಕಡಿಮೆ ಮಾಡುವ ಆಯ್ಕೆ ಇದ್ದರೆ ಬಂದ್ ಮಾಡಿ. ಮಾತು ಸ್ಪಷ್ಟವಾಗಲಿ ಎಂದು ಮಾಡಿದ ಸೌಲಭ್ಯ ಅದು. ಒಂದೇ ಸಮ ಬರುವ ಸದ್ದೆಲ್ಲ ಅದಕ್ಕೆ ಕಸ. ಹಾರ್ಮೋನಿಯಂ ಸ್ವರ, ಏಕತಾರಿಯ ಶ್ರುತಿ ಕೂಡ ಅದಕ್ಕೆ ಕಸವೇ. ಹಾರ್ಮೋನಿಯಂ ಎದ್ದು ಬಿದ್ದು, ಮಾಯವಾಗಿ ಮತ್ತೆ ಬಂದಂತೆ ಕೇಳಿದರೆ ಕಾರಣ ಇದೇ.

## ಹಂತ 2: ಹೊತ್ತು ನೋಡಿ, ಮನೆಯ ಸದ್ದು ನಿಲ್ಲಿಸಿ

ಬೆಳಗಿನ 5ರಿಂದ 7 ಗಂಟೆ ಎಲ್ಲಕ್ಕಿಂತ ಚಲೋ. ಊರು ಇನ್ನೂ ಎದ್ದಿರುವುದಿಲ್ಲ. ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲೂ ಆ ಹೊತ್ತಿಗೆ ಫ್ಯಾನ್ ಇಲ್ಲದೆ ಕೂಡಬಹುದು. ಮಧ್ಯಾಹ್ನ ಫ್ಯಾನ್ ಬಂದ್ ಮಾಡಿ ಹಾಡಿ ಅಂದರೆ ಯಾರಿಗೂ ಆಗದ ಮಾತು. ಬೆಳಿಗ್ಗೆ ಗಂಟಲು ಬಿಡುವುದಿಲ್ಲ ಎನ್ನುವ ಹಿರಿಯರಿಗೆ ರಾತ್ರಿ ಊಟಕ್ಕೆ ಮುಂಚಿನ ಹೊತ್ತು ಕೊಡಿ, ಒತ್ತಾಯ ಮಾಡಬೇಡಿ.

ರಬಕವಿ, ಬನಹಟ್ಟಿ ಕಡೆ ಪಾವರ್‌ಲೂಮ್ ಮಗ್ಗದ ಸದ್ದು ಗಾಳಿಯಲ್ಲಷ್ಟೇ ಬರುವುದಿಲ್ಲ, ನೆಲದೊಳಗಿಂದಲೂ ಬರುತ್ತದೆ. ಬಾಗಿಲು ಹಾಕಿದರೂ ಮೈಕ್ ಸ್ಟ್ಯಾಂಡಿನ ಕಾಲು ಹಿಡಿದು ಮೇಲೇರುತ್ತದೆ. ಸ್ಟ್ಯಾಂಡಿನ ಕೆಳಗೆ ನಾಲ್ಕು ಮಡಿಕೆ ಕಂಬಳಿ ಹಾಸಿ. ನೆರೆಯವರ ಮಗ್ಗ ಯಾವಾಗ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಮುಧೋಳ, ಅಥಣಿ, ಗೋಕಾಕ ಕಡೆಯ ರಸ್ತೆ ಬದಿಯ ಮನೆಗಳಲ್ಲಿ ಕಬ್ಬಿನ ಹಂಗಾಮಿನ ಟ್ರ್ಯಾಕ್ಟರ್ ಕಾಟ. ಅಂಥಲ್ಲಿ ರಸ್ತೆಗೆ ಬೆನ್ನು ಹಾಕಿದ ಒಳಕೋಣೆಯೇ ಗತಿ.

ಕರೆಂಟ್ ಹೋದ ಹೊತ್ತನ್ನು ವ್ಯರ್ಥ ಮಾಡಬೇಡಿ. ಬೀದಿಯ ಮಗ್ಗ, ಮೋಟಾರು, ಗಿರಣಿ, ನೆರೆಮನೆಯ ಟಿವಿ ಎಲ್ಲ ಒಟ್ಟಿಗೆ ನಿಲ್ಲುವ ಹೊತ್ತು ಅದು. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದ್ದರೆ ಸಾಕು. ಸಣ್ಣ ಇಂಟರ್‌ಫೇಸ್‌ಗಳು ಯುಎಸ್‌ಬಿ ವೈರಿನಿಂದಲೇ ಕರೆಂಟ್ ತಗೊಳ್ಳುತ್ತವೆ. ಇನ್ವರ್ಟರ್ ಮಾತ್ರ ಬಂದ್ ಮಾಡಿ, ಅದರದ್ದೇ ಒಂದು ಗುಂಗು ಇರುತ್ತದೆ.

ಮನೆಯೊಳಗೆ ಫ್ಯಾನ್, ಫ್ರಿಜ್, ಗೋಡೆ ಗಡಿಯಾರ, ಹಳೆಯ ಟ್ಯೂಬ್‌ಲೈಟಿನ ಚೋಕ್, ಇವನ್ನು ನೋಡಿಕೊಳ್ಳಿ. ತಾಳ ಹಾಕುವ ಹೆಣ್ಣುಮಕ್ಕಳು ಕೈಬಳೆ ಮೇಲೆ ಸರಿಸಿ ಕರವಸ್ತ್ರ ಕಟ್ಟಿಕೊಳ್ಳಲಿ. ಪತ್ರಾಸ್ ಹೊದಿಸಿದ ಮನೆಯಲ್ಲಿ ಮಳೆ ಬೀಳುವಾಗ ರೆಕಾರ್ಡಿಂಗ್ ಬೇಡ. ಬೆಳಗಾವಿಯ ಜುಲೈ, ಆಗಸ್ಟ್‌ನಲ್ಲಿ ಇದು ದಿನದಿನದ ಕಾಟ.

## ಹಂತ 3: ಕೌದಿ, ಗಾದಿ, ಜಮಖಾನೆ ಹೊರಗೆ ತೆಗೆಯಿರಿ

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಹಿಂದೆಯೇ ಠಿಂಯ್ ಎಂದು ಬಾಲ ಬಂದರೆ ಕೋಣೆ ಇನ್ನೂ ತಯಾರಾಗಿಲ್ಲ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಸ್ಲ್ಯಾಬ್ ಇರುವ ಹೊಸ ಮನೆಗಳಲ್ಲಿ ಇದು ಜಾಸ್ತಿ. ಹಳೆಯ ಮಣ್ಣಿನ ಮಾಳಿಗೆ ಮನೆ, ಜಂತಿ, ಮೂಲೆಯಲ್ಲಿ ಜೋಳದ ಚೀಲ ಇರುವ ಕೋಣೆ ಸಿಕ್ಕರೆ ಅಲ್ಲಿಯೇ ಕೂತುಬಿಡಿ. ಎಷ್ಟೋ ದುಡ್ಡು ಸುರಿದ ಕೋಣೆಗಿಂತ ಅಂಥ ಕೋಣೆಯಲ್ಲಿ ದನಿ ಗುಂಯ್ ಇಲ್ಲದೆ, ಸ್ಪಷ್ಟವಾಗಿ ಬರುತ್ತದೆ.

ಹೊಸ ಮನೆಯಲ್ಲಿ ಹೀಗೆ ಮಾಡಿ. ನೆಲಕ್ಕೆ ಜಮಖಾನೆ, ಅದರ ಮೇಲೆ ಗಾದಿ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕೌದಿಗಳನ್ನು ಒಂದರ ಮೇಲೊಂದು ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ಅರ್ಧ ಗೇಣಾದರೂ ಜಾಗ ಬಿಡಿ. ಹಾಗೆ ಬಿಟ್ಟರೆ ಕೌದಿ ಇನ್ನೂ ಸ್ವಲ್ಪ ಕೆಳಗಿನ ಸ್ವರದ ಸದ್ದನ್ನೂ ಹೀರಿಕೊಳ್ಳುತ್ತದೆ. ಉಳಿದ ಕೌದಿಗಳು ಎಡಬಲಕ್ಕೆ.

ಹೆಚ್ಚಿನವರು ಕೌದಿಯನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಹಾಡುವ ಮೈಕುಗಳಲ್ಲಿ ಬಹಳಷ್ಟು ಎದುರಿನ ಸದ್ದನ್ನು ಜಾಸ್ತಿ, ಹಿಂದಿನದ್ದನ್ನು ಕಡಿಮೆ ಕೇಳುವಂಥವು. ಮೈಕಿನ ಎದುರಿಗೆ ಇರುವುದು ಏನು? ಹಾಡುವವರು, ಅವರ ಹಿಂದಿನ ಗೋಡೆ. ಆ ಗೋಡೆಯೇ ಮೊದಲು ಮುಚ್ಚಬೇಕಾದದ್ದು.

ತತ್ತಿ ಟ್ರೇ ಅಂಟಿಸುವುದು ಬೇಡ. ಅದರಿಂದ ಉಪಯೋಗವಿಲ್ಲ, ಬೆಂಕಿ ಹತ್ತಿದರೆ ಅಪಾಯ. ಆನ್‌ಲೈನಿನಲ್ಲಿ ಸಿಗುವ ತೆಳು ಫೋಮ್ ಹಾಳೆ ಬರೀ ಮೇಲಿನ ಸ್ವರಗಳನ್ನು ತಿನ್ನುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಆ ದುಡ್ಡು ಉಳಿಸಿ. ಕೋಣೆಯ ಮೂಲೆಯಲ್ಲೂ ಕೂಡಬೇಡಿ, ಕಬ್ಬಿಣದ ತಿಜೋರಿ ಹತ್ತಿರವೂ ಬೇಡ. ಡಗ್ಗಾ ಬಾರಿಸಿದಾಗ ತಿಜೋರಿ ಬಾಗಿಲು ಝರ್ ಎನ್ನುತ್ತದೆ.

ಮತ್ತೆ ಚಪ್ಪಾಳೆ ಹೊಡೆಯಿರಿ. ಟಪ್ ಎಂದು ಅಲ್ಲೇ ನಿಂತರೆ ಮುಂದೆ ಹೋಗಿ.

## ಹಂತ 4: ಈಗ ಸಾಮಾನು ಆರಿಸಿ

ಬೆಲೆಗಳು ಏರಿಳಿಯುತ್ತವೆ, ನಾನು ಬರೆದದ್ದು ಸುಮಾರು ಲೆಕ್ಕ.

ಸಾವಿರ ರೂಪಾಯಿ ಆಸುಪಾಸಿನ ದಾರಿ. ಫೋನಿಗೆ ಒಂದು ವೈರ್ ಇರುವ ಕಾಲರ್ ಮೈಕ್. ಬೋಯಾ ಬಿವೈ-ಎಂ1 ಇದಕ್ಕೆ ಸರಿಯಾದ ಉದಾಹರಣೆ. 6 ಮೀಟರ್ ವೈರ್ ಇದೆ, ಸುತ್ತಲಿನ ಸದ್ದನ್ನು ಒಂದೇ ಸಮ ಹಿಡಿಯುತ್ತದೆ. ಫೋನಿಗೆ ಹಾಕುವಾಗ ಅದರ ಗುಂಡಿ ಸ್ಮಾರ್ಟ್‌ಫೋನ್ ಕಡೆ ಇರಬೇಕು. ಒಳಗಿನ ಎಲ್‌ಆರ್44 ಸೆಲ್ ಬೇಕಾಗುವುದು ಕ್ಯಾಮೆರಾಕ್ಕೆ ಮಾತ್ರ. ಫೋನಿಗೆ 3.5 ಎಂಎಂ ತೂತು ಇಲ್ಲದಿದ್ದರೆ ಟೈಪ್-ಸಿ ಇರುವ ಬಿವೈ-ಎಂ3 ನೋಡಿ. ಅಗ್ಗದ ಟೈಪ್-ಸಿ ಅಡಾಪ್ಟರ್‌ಗಳಲ್ಲಿ ಕೆಲವು ಹಾಡು ಕೇಳಿಸುತ್ತವೆ, ಮೈಕ್ ಒಳಗೆ ಬಿಡುವುದಿಲ್ಲ. ಕಾಲರ್ ಮೈಕ್ ಅಂದರೆ ಅಂಗಿಗೇ ಸಿಕ್ಕಿಸಬೇಕು ಅಂತಿಲ್ಲ. ಅಂಗಿಯ ಸರಸರ ಸದ್ದು ಹಾಡನ್ನು ಕೆಡಿಸುತ್ತದೆ. ಒಂದು ಕೋಲಿಗೆ ಕಟ್ಟಿ ಹಾಡುವವರ ಬಾಯಿಯ ಎತ್ತರಕ್ಕೆ ನಿಲ್ಲಿಸಿ. ಐದಾರು ಮಂದಿ ಸುತ್ತ ಕೂತು ಹಾಡುವ ಮಂಡಳಿಗೆ ಈ ಸಣ್ಣ ಮೈಕ್ ಕೊಡುವ ಫಲ ನೋಡಿ ನಂಬುವುದೇ ಕಷ್ಟ.

10 ಸಾವಿರದೊಳಗಿನ ದಾರಿ. ಒಬ್ಬರೇ ಹಾಡುವವರು ಮುಖ್ಯವಾಗಿದ್ದರೆ ಇದು. ಒಂದು ಡೈನಾಮಿಕ್ ಮೈಕ್ (ಹೊರಗಿನ ಕರೆಂಟ್ ಬೇಡದ, ವೇದಿಕೆಯಲ್ಲಿ ಹಿಡಿದು ಹಾಡುವ ಥರದ್ದು), ಒಂದು ಇಂಟರ್‌ಫೇಸ್, ವೈರ್, ಸ್ಟ್ಯಾಂಡ್. ಮೈಕ್ ಕೊಳ್ಳುವ ಮುಂಚೆ ಗುಡಿಯ ಪೆಟ್ಟಿಗೆ ತೆಗೆದು ನೋಡಿ. ನಮ್ಮ ಕಡೆಯ ಎಷ್ಟೋ ಗುಡಿ, ಮಠಗಳಲ್ಲಿ ಅಹುಜಾ ಡೈನಾಮಿಕ್ ಮೈಕ್ ಇದ್ದೇ ಇರುತ್ತದೆ. ಬುಡದಲ್ಲಿ 3 ಪಿನ್ ಇದ್ದರೆ ಅದನ್ನೇ ಬಳಸಿ. ಹಳೆಯ ವೈರ್ ಬಿಟ್ಟು ಹೊಸದು ಹಾಕಿದರೆ ಸಾಕು. ಗುಡಿಯ ಸ್ಪೀಕರಿನಲ್ಲಿ ಕೇಳಿ ಕೇಳಿ ಆ ಮೈಕ್ ಮೇಲೆ ನಮಗೆ ಗೌರವ ಕಡಿಮೆ. ಆದರೆ ಕರ್ಕಶ ಬರುತ್ತಿದ್ದುದು ಸ್ಪೀಕರಿನಿಂದ, ಎಕೋದಿಂದ.

ಹೊಸದೇ ಬೇಕೆಂದರೆ ಬೆರಿಂಗರ್ ಎಕ್ಸ್‌ಎಂ8500 ಸುಮಾರು 2 ಸಾವಿರ. 1966ರಿಂದ ವೇದಿಕೆಗಳಲ್ಲಿ ನಡೆಯುತ್ತಿರುವ ಶ್ಯೂರ್ ಎಸ್‌ಎಂ58 ಅದರ ನಾಲ್ಕೈದು ಪಟ್ಟು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಅದೇ ಅಗ್ಗದ ಮೈಕನ್ನು ಒಂದು ಗೇಣು ಹತ್ತಿರ ತಂದರೆ ಆಗುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಇಂಟರ್‌ಫೇಸ್‌ಗೆ ಬೆರಿಂಗರ್ ಯುಎಂ2 ಅಥವಾ ಎಂ-ಆಡಿಯೋ ಎಂ-ಟ್ರ್ಯಾಕ್ ಸೋಲೋ ಸಾಕು. ಎರಡೂ 16 ಬಿಟ್, 48 ಕಿಲೋಹರ್ಟ್ಸ್ (ದನಿಯನ್ನು ಎಷ್ಟು ಸೂಕ್ಷ್ಮವಾಗಿ, ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತವೆ ಎಂಬ ಲೆಕ್ಕ). 24 ಬಿಟ್ ಇಲ್ಲವಲ್ಲ ಎಂದು ಚಿಂತೆ ಬೇಡ. 16 ಬಿಟ್‌ನಲ್ಲಿ ಅತಿ ಸಣ್ಣ ದನಿಯಿಂದ ಅತಿ ಜೋರು ದನಿಯ ತನಕ 96 ಡೆಸಿಬೆಲ್ (ಸದ್ದಿನ ಅಳತೆ) ಹರವು ಸಿಗುತ್ತದೆ, ಮನೆಯಲ್ಲಿ ಅಷ್ಟು ಮೌನ ಯಾರಿಗೂ ಸಿಗುವುದಿಲ್ಲ. ಮುಂದೆ ಎರಡು ಮೈಕ್ ಹಾಕುವ ವಿಚಾರ ಇದ್ದರೆ ಮೊದಲೇ ಎರಡು ಮೈಕ್ ತೂತು ಇರುವ ಯುಎಂಸಿ202ಎಚ್‌ಡಿ ತಗೊಳ್ಳಿ.

ಕೊಳ್ಳಬಾರದ್ದು. ಬಿಎಂ-800 ಹೆಸರಿನಲ್ಲಿ, ಸ್ಟ್ಯಾಂಡಿನ ಕೈ, ಫೋಮ್, ಗಾಳಿ ತಡೆಯುವ ಜರಡಿ ಎಲ್ಲ ಸೇರಿಸಿ ಮಾರುವ ಕಿಟ್ ತಂದು ನೇರ ಫೋನಿಗೆ ಹಾಕುವುದು. ಅದು ಹೊರಗಿನ ಕರೆಂಟ್ ಬೇಕಾಗುವ ಕಂಡೆನ್ಸರ್ ಮೈಕ್, ಸರಿಯಾಗಿ ನಡೆಯಲು 48 ವೋಲ್ಟ್ ಬೇಕು. ಫೋನಿನ ತೂತಿನಿಂದ ಸಿಗುವುದು ಕೆಲವೇ ವೋಲ್ಟ್. ದನಿ ಸಣ್ಣಗೆ ಬರುತ್ತದೆ, ಹಿಂದೆ ಸುಯ್ ಎನ್ನುತ್ತದೆ. ಜೊತೆಗೆ ಕಂಡೆನ್ಸರ್ ಮೈಕ್ ಕೋಣೆಯ ಮೂಲೆಮೂಲೆಯ ಸದ್ದನ್ನೂ ಎತ್ತುತ್ತದೆ. ಫೋನಿಗೆ ಸಿಕ್ಕಿಸುವ ಅಗ್ಗದ ವೈರ್‌ಲೆಸ್ ಕಾಲರ್ ಮೈಕುಗಳೂ ಹಾಡಿಗೆ ಬೇಡ, ಮಾತಿಗೆ ಸರಿ.

## ಹಂತ 5: ವೈರ್ ಮತ್ತು ಕರೆಂಟ್

ಮೈಕಿನಿಂದ ಇಂಟರ್‌ಫೇಸ್‌ಗೆ ಎರಡೂ ತುದಿಯಲ್ಲಿ 3 ಪಿನ್ ಇರುವ ಎಕ್ಸ್‌ಎಲ್‌ಆರ್ ವೈರ್ ಹಾಕಿ. ಗುಡಿಯ ಆಂಪ್ಲಿಫೈಯರ್‌ಗೆ ಹಾಕುವ, ಒಂದು ತುದಿಗೆ ದಪ್ಪ ಒಂಟಿ ಪಿನ್ ಇರುವ ವೈರ್ ಇಲ್ಲಿ ನಡೆಯುವುದಿಲ್ಲ. ಆ ಪಿನ್ ಯುಎಂ2ರಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೆ ಮೈಕಿನ ಸಣ್ಣ ದನಿಯನ್ನು ಎತ್ತುವ ಭಾಗಕ್ಕೆ ಹೋಗುವುದಿಲ್ಲ. "ಗೇನ್ (ದನಿ ಏರಿಸುವ ಗುಂಡಿ) ಪೂರ್ತಿ ತಿರುಗಿಸಿದರೂ ದನಿ ಇಲ್ಲ" ಎನ್ನುವವರಲ್ಲಿ ಬಹಳ ಜನರ ತಪ್ಪು ಇದೇ. ಡೈನಾಮಿಕ್ ಮೈಕಿಗೆ 48 ವೋಲ್ಟ್ ಗುಂಡಿ ಬೇಡ, ಬಂದ್ ಇರಲಿ.

ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಳ್ಳಿ, ಪುಕ್ಕಟೆ. ರೀಪರ್ 60 ದಿನ ಪುಕ್ಕಟೆ ನೋಡಬಹುದು, ಆಮೇಲೆ ಕೊಳ್ಳಬೇಕು. ಹಗುರ ತಂತ್ರಾಂಶ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ರೆಕಾರ್ಡಿಂಗ್ ಸಾಧನದ ಪಟ್ಟಿಯಲ್ಲಿ ಯುಎಂ2 ತನ್ನ ಹೆಸರಿನಿಂದ ಕಾಣದೆ "ಯುಎಸ್‌ಬಿ ಆಡಿಯೋ ಕೋಡೆಕ್" ಎಂದು ಕಾಣಬಹುದು. ಅದನ್ನೇ ಆರಿಸಿ.

ಈಗ ಉಗುರಿನ ಪರೀಕ್ಷೆ. ರೆಕಾರ್ಡ್ ಒತ್ತಿ, ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಅಂಚು, ಫೋನಾದರೆ ಅದರ ಕೆಳತುದಿ ಕೆರೆಯಿರಿ. ಯಾವುದು ಜೋರಾಗಿ ಕೇಳುತ್ತದೋ ರೆಕಾರ್ಡ್ ಆಗುತ್ತಿರುವುದು ಆ ಮೈಕಿನಿಂದ. ಹೊಸ ಮೈಕ್ ಹಾಕಿದರೂ ಫೋನಿನ ಒಳಮೈಕೇ ನಡೆಯುತ್ತಿರುವುದು ಬಹಳ ಸಲ ಆಗುತ್ತದೆ. ಮೈಕ್ ವೈರಿನ ಪಿನ್ನಿನ ಮೇಲೆ ಕಪ್ಪು ಗೆರೆ ಎರಡೇ ಇದ್ದರೆ ಅದು ಕ್ಯಾಮೆರಾ ಪಿನ್. ಫೋನಿಗೆ ಮೂರು ಗೆರೆಯದ್ದು ಬೇಕು.

ಹಿಂದೆ ಒಂದೇ ಸಮ ಗುಂಯ್ ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕೀಳಿರಿ. ಸದ್ದು ನಿಂತರೆ ತಪ್ಪು ಅರ್ಥಿಂಗ್‌ನದು. ನಮ್ಮ ಕರೆಂಟ್ 50 ಹರ್ಟ್ಸ್, ಆ ಗುಂಯ್ ಅದರದೇ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮೂರನೇ ತೂತು ಇದ್ದರೂ ಒಳಗೆ ವೈರ್ ಜೋಡಿಸಿರದ ಬೋರ್ಡುಗಳು ಎಷ್ಟೋ ಇವೆ. ಗುಂಯ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯಬೇಡಿ, ಕತ್ತರಿಸಬೇಡಿ. ತುಟಿಯ ಹತ್ತಿರ ಲೋಹದ ಮೈಕ್ ಹಿಡಿದು ಹಾಡುವವರಿಗೆ ಅದು ಜೀವಕ್ಕೆ ಕುತ್ತು. ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಮೈಕ್ ಮುಟ್ಟಿದರೆ ಜುಂ ಎಂದರೆ ಎಲ್ಲ ಬಂದ್ ಮಾಡಿ, ಮೊದಲು ವೈರಿಂಗ್ ಮಾಡುವವರನ್ನು ಕರೆಸಿ.

## ಹಂತ 6: ಮೈಕ್ ಎಲ್ಲಿ, ಮಂದಿ ಎಲ್ಲಿ

ಇಡೀ ಕೆಲಸದಲ್ಲಿ ದೊಡ್ಡ ಹಂತ ಇದು. ಇದಕ್ಕೆ ಒಂದು ತಾಸು ಕೊಟ್ಟರೂ ನಷ್ಟವಿಲ್ಲ.

ನೆನಪಿಡಬೇಕಾದ ಲೆಕ್ಕ ಒಂದೇ. ದೂರ ಎರಡು ಪಟ್ಟಾದರೆ ನೇರ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಗುಂಯ್ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಗಾಗಿ ಮೈಕ್ ದೂರ ಹೋದಷ್ಟೂ ಹಾಡು ಕಡಿಮೆ, ಕೋಣೆ ಜಾಸ್ತಿ. ಗುಂಡಿ ತಿರುಗಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಲಾಭವಿಲ್ಲ.

ಡೈನಾಮಿಕ್ ಮೈಕನ್ನು ಹಾಡುವವರ ಬಾಯಿಂದ ನಾಲ್ಕೈದು ಬೆರಳಿನಿಂದ ಒಂದು ಗೇಣಿನ ಒಳಗೆ ಇಡಿ. ನೇರ ಎದುರಿಗೆ ಬೇಡ. ಬಾಯಿಗಿಂತ ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕೆ ಇಟ್ಟು ತುಟಿಯ ಕಡೆ ಓರೆ ಮಾಡಿ. ಭ, ಫ, ಪ ಬಂದಾಗ ಹೊರಡುವ ಗಾಳಿ ಮೈಕಿಗೆ ಬಡಿಯದೆ ಪಕ್ಕದಿಂದ ಹೋಗುತ್ತದೆ. ಆದರೂ ಧಪ್ ಎನ್ನುತ್ತಿದ್ದರೆ, ಕಸೂತಿ ಹಾಕುವ ರಿಂಗಿಗೆ ತೆಳು ನೈಲಾನ್ ಬಟ್ಟೆ ಬಿಗಿದು ನಡುವೆ ನಿಲ್ಲಿಸಿ. ಅಂಗಡಿಯ ಪಾಪ್ ಫಿಲ್ಟರ್ ಮಾಡುವ ಕೆಲಸ ಇದೇ.

ಗುಡಿಯಲ್ಲಿ ಹಾಡಿ ರೂಢಿಯಾದ ಹಿರಿಯರು ಮೈಕಿಗೆ ತುಟಿ ಹಚ್ಚಿಯೇ ಹಾಡುತ್ತಾರೆ. ಅಷ್ಟು ಹತ್ತಿರ ಹೋದರೆ ದನಿ ದಪ್ಪಗೆ, ಮಂಕಾಗಿ ಬರುತ್ತದೆ. ಎಕ್ಸ್‌ಎಂ8500ದಂಥ ಮೈಕುಗಳ ಗುಣವೇ ಅದು. ಎದುರಿಗೆ ಕೂತು ಸಮಾಧಾನದಿಂದ ಹೇಳಿ: "ಅಜ್ಜಾರ, ಇಲ್ಲಿ ಸ್ಪೀಕರ್ ಇಲ್ರಿ, ಮನ್ಯಾಗ ಹಾಡಿದಂಗ ಹಾಡ್ರಿ. ಮೈಕಿಗೂ ಬಾಯಿಗೂ ನಾಕ್ ಬೆರಳು ಇರ್ಲಿ." ಏರುದನಿಗೆ ತಲೆ ಹಿಂದೆ ಎಳೆಯುವ ಅಭ್ಯಾಸ ಇದ್ದವರು ಹಾಗೇ ಮಾಡಲಿ. ಅನುಭವದ ಹಾಡುಗಾರರು ತಾವೇ ಮಟ್ಟ ಸರಿತೂಗಿಸಿಕೊಳ್ಳುತ್ತಾರೆ, ಅದನ್ನು ತಿದ್ದಲು ಹೋಗಬೇಡಿ.

ಹಾರ್ಮೋನಿಯಂ ಬಾರಿಸುತ್ತ ತಾವೇ ಹಾಡುವವರಿದ್ದರೆ ತಿದಿಯ ಕೈ ಕಡೆಯಿಂದ ಮೈಕ್ ತರಬೇಡಿ. ತಿದಿಯ ಉಸಿರು, ಹಳೆಯ ಪೆಟ್ಟಿಗೆಯ ಕಟಕಟ ಎಲ್ಲ ಒಳಗೆ ಬರುತ್ತದೆ. ಮೈಕ್ ಪೆಟ್ಟಿಗೆಯ ಮನೆಗಳ (ಬೆರಳಿಡುವ ಕೀಲಿಗಳ) ಕಡೆಯಿಂದ, ಬಾಯಿಯ ಎತ್ತರದಲ್ಲಿ ಬರಲಿ. ಸ್ಟ್ಯಾಂಡ್ ಪೆಟ್ಟಿಗೆಗೆ ತಾಗಬಾರದು.

ಇನ್ನು ಉಳಿದವರು. ಎಲ್ಲರಿಗೂ ಒಂದೇ ಮೈಕ್ ಇದ್ದಾಗ ಮಟ್ಟ ಹೊಂದಿಸುವುದು ಗುಂಡಿಯಲ್ಲ, ಕೂಡುವ ಜಾಗ. ಹಾಡುವವರು ಮೈಕಿಗೆ ಎಲ್ಲರಿಗಿಂತ ಹತ್ತಿರ. ಹಾರ್ಮೋನಿಯಂ ಒಂದೂವರೆ ಮೊಳ. ತಬಲಾ ಎರಡರಿಂದ ಎರಡೂವರೆ ಮೊಳ. ಪಲ್ಲವಿ ಹಿಡಿಯುವವರು ಅವರ ಹಿಂದೆ. ತಾಳ, ದಮ್ಮಡಿ ಎಲ್ಲರಿಗಿಂತ ಹಿಂದೆ, ಸಾಧ್ಯವಾದರೆ ಬಾಗಿಲ ಹತ್ತಿರ. ತಾಳದ ಸದ್ದು ಚೂಪು, ಎಷ್ಟು ದೂರ ಇಟ್ಟರೂ ಕೇಳುತ್ತದೆ. ತಾಳದವರಿಗೆ ಇದು ಅವಮಾನ ಅನ್ನಿಸಬಾರದು, ಮೊದಲೇ ಕಾರಣ ಹೇಳಿ: "ಅಣ್ಣಾರ, ನಿಮ್ಮ ತಾಳ ಮೈಕಿಗೆ ಭಾಳ ಗಟ್ಟಿ ಕೇಳತೈತ್ರಿ, ಅದಕ್ಕ ಹಿಂದ ಕುಂದ್ರಸೀನಿ."

ಡೈನಾಮಿಕ್ ಮೈಕಿನ ಬಾಲ ಯಾರ ಕಡೆಗಿದೆಯೋ ಅವರ ಸದ್ದು ಕಡಿಮೆ ಬರುತ್ತದೆ. ತಬಲಾ ಜೋರಾಗಿದ್ದರೆ ಬಾಲ ಅತ್ತ ತಿರುಗುವಂತೆ ಕೂಡಿಸಿ. ಸುತ್ತಲೂ ಕೇಳುವ ಕಾಲರ್ ಮೈಕಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ದೂರ ಒಂದೇ ದಾರಿ. ಗೀಗೀ ಮೇಳದಲ್ಲಿ ಡಪ್ಪು ಹಾಡುವವರ ಕೈಯಲ್ಲೇ ಇರುತ್ತದೆ, ದೂರ ಮಾಡಲು ಆಗುವುದಿಲ್ಲ. ಅಲ್ಲಿ ಮೈಕನ್ನು ಹಣೆಯ ಎತ್ತರಕ್ಕೆ ಏರಿಸಿ ಬಾಯಿಯ ಕಡೆ ಬಗ್ಗಿಸಿ. ಡಪ್ಪಿನ ಚರ್ಮ ಮೈಕಿಗೆ ನೇರ ಮುಖ ಮಾಡದಂತೆ ಸ್ವಲ್ಪ ಓರೆ ಹಿಡಿಯಲು ಹೇಳಿ.

ಒಂದು ನಿಮಿಷ ಹಿಡಿದು, ಕೇಳಿ, ಒಬ್ಬರನ್ನು ಮಾತ್ರ ಸರಿಸಿ, ಮತ್ತೆ ಹಿಡಿಯಿರಿ. ಒಂದೇ ಸಲಕ್ಕೆ ಇಬ್ಬರನ್ನು ಸರಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಜಾಗ ಕುದುರಿದ ಮೇಲೆ ಜಮಖಾನೆ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಚಹಾ ಕುಡಿದು ಬಂದವರು ಅದೇ ಜಾಗದಲ್ಲಿ ಕೂಡುವುದಿಲ್ಲ.

## ಹಂತ 7: ಮಟ್ಟ

ಹಾಡಿನ ಮೊದಲ ಸಾಲು ಕೇಳಿ ಮಟ್ಟ ಹೊಂದಿಸಬೇಡಿ. ಪದದಲ್ಲಿ ಎಲ್ಲಕ್ಕಿಂತ ಏರುದನಿಯ ಸಾಲು ಯಾವುದು ಎಂದು ಕೇಳಿ ಅದನ್ನೇ ಹಾಡಿಸಿ, ಜೊತೆಗೆ ಎಲ್ಲ ವಾದ್ಯ ಬಾರಿಸಲಿ. ಆಗ ಪರದೆಯ ಅಳತೆ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿದ ದನಿ ಒಡೆಯುತ್ತದೆ, ಅದನ್ನು ಆಮೇಲೆ ಪೂರ್ತಿ ಸರಿಮಾಡಲು ಆಗುವುದಿಲ್ಲ. ಇಂಟರ್‌ಫೇಸ್ ಮೇಲಿನ ಕೆಂಪು ದೀಪ ಒಮ್ಮೆ ಮಿನುಗಿದರೂ ಗೇನ್ ಇಳಿಸಿ. ಪರದೆಯ ಮೇಲೆ ದನಿಯ ಅಲೆ ಸಣ್ಣದಾಗಿ ಕಂಡರೆ ಹೆದರಬೇಡಿ, ಏರಿಸುವುದು ಆಮೇಲೆ ಸುಲಭ.

ಮಿಕ್ಸರ್ ಮೂಲಕ ಹಿಡಿಯುವವರು ಎಕೋ ಪೂರ್ತಿ ಬಂದ್ ಮಾಡಿ. ಎಕೋ ಆಮೇಲೆ ಸೇರಿಸಬಹುದು, ತೆಗೆಯಲು ಆಗುವುದಿಲ್ಲ.

## ಹಂತ 8: ರೆಕಾರ್ಡ್

48 ಕಿಲೋಹರ್ಟ್ಸ್, ವೇವ್ ಫೈಲ್, ಒಂದೇ ಮೈಕ್ ಇದ್ದರೆ ಮೋನೋ (ಎಡ, ಬಲ ಎಂದು ಬೇರೆ ಇಲ್ಲದ ಒಂದೇ ದನಿ). ತಬಲಾ, ಹಾರ್ಮೋನಿಯಂ ಶ್ರುತಿ ಈಗ ಮತ್ತೊಮ್ಮೆ ನೋಡಿ. ತಂಪು ಹವೆಯಲ್ಲಿ ಚರ್ಮ ಸಡಿಲ ಬೀಳುತ್ತದೆ, ಒಣ ಬಿಸಿಲಿನಲ್ಲಿ ಬಿಗಿಯುತ್ತದೆ. ಶ್ರುತಿ ತಪ್ಪಿದ್ದನ್ನು ಯಾವ ತಂತ್ರಾಂಶವೂ ಮರ್ಯಾದೆಯಿಂದ ಸರಿಮಾಡುವುದಿಲ್ಲ.

ರೆಕಾರ್ಡ್ ಒತ್ತಿದ ಮೇಲೆ 20 ಸೆಕೆಂಡ್ ಎಲ್ಲರೂ ಸುಮ್ಮನಿರಿ, ಈ ಮೌನ ಮುಂದೆ ಬೇಕಾಗುತ್ತದೆ. ಪದದ ಹೆಸರು, ಹಾಡುವವರ ಹೆಸರು, ಊರು, ದಿನಾಂಕ ಬಾಯಲ್ಲಿ ಹೇಳಿ. ಮುಗಿದ ಮೇಲೂ ತಾಳ, ಹಾರ್ಮೋನಿಯಂ ನಾದ ಪೂರ್ತಿ ಆರುವ ತನಕ ಯಾರೂ ಮಾತಾಡಬಾರದು. "ಚಲೋ ಆತು" ಎಂದು ಯಾರೋ ಅನ್ನುವುದು ಆ ಘಳಿಗೆಯಲ್ಲೇ, ಅಲ್ವಾ? ಒಂದು ಪದ ಆದೊಡನೆ ಇಯರ್‌ಫೋನಿನಲ್ಲಿ ಕೇಳಿಯೇ ಮುಂದಿನ ಪದಕ್ಕೆ ಹೋಗಿ. ಪ್ರತಿ ಪದ ಎರಡು ಸಲ ಹಾಡಿಸಿ. ಹಿರಿಯರಿದ್ದರೆ ಎರಡನೇ ಸಲದ ಮುಂಚೆ ಬಿಸಿನೀರು, ವಿಶ್ರಾಂತಿ ಕೊಡಿ.

ಕರೋಕೆ ಹಚ್ಚಿ ಹಾಡುವವರು ಅದನ್ನು ಹೆಡ್‌ಫೋನಿನಲ್ಲೇ ಕೇಳಬೇಕು. ಬ್ಲೂಟೂತ್ ಬೇಡ, ದನಿ ತಡವಾಗಿ ಬಂದು ತಾಳ ಹಿಂದೆ ಬೀಳುತ್ತದೆ.

## ಹಂತ 9: ಸ್ವಚ್ಛ ಮಾಡುವುದು, ಕೈ ಹಿಡಿತದಲ್ಲಿಟ್ಟು

ಮೊದಲ ಕೆಲಸ ಹೈ-ಪಾಸ್ ಫಿಲ್ಟರ್, ಅಂದರೆ ತೀರ ಕೆಳಗಿನ ಸ್ವರದ ಸದ್ದು ಕತ್ತರಿಸುವುದು. ಬರೀ ಹಾಡಿದ್ದರೆ 80 ಹರ್ಟ್ಸ್‌ನಿಂದ ಕೆಳಗಿನದ್ದು ಕತ್ತರಿಸಿ. ಅದೇ ಟ್ರ್ಯಾಕಿನಲ್ಲಿ ಡಗ್ಗಾ ಇದ್ದರೆ 40ಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಡಗ್ಗಾದ ಗುಮಕಿ ಹೋಗುತ್ತದೆ. ದನಿ ಮಂಕಾಗಿದ್ದರೆ 250ರಿಂದ 400 ಹರ್ಟ್ಸ್ ನಡುವೆ 2-3 ಡೆಸಿಬೆಲ್ ಇಳಿಸಿ ನೋಡಿ.

ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್‌ಗೆ ಮೊದಲಿನ 20 ಸೆಕೆಂಡ್ ಮೌನವನ್ನು ಮಾದರಿಯಾಗಿ ಕೊಡಿ. 6 ಡೆಸಿಬೆಲ್ ಸಾಕು. 20, 24 ಎಂದು ಏರಿಸಿದರೆ ಹಾಡು ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಅಷ್ಟು ತೆಗೆಯಬೇಕಾದ ಸದ್ದು ಇದೆ ಎಂದರೆ ಹಂತ 2ಕ್ಕೆ ವಾಪಸ್ ಹೋಗುವುದೇ ಸರಿ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ 2ಕ್ಕೆ 1 ಅಥವಾ 3ಕ್ಕೆ 1, ಅದಕ್ಕಿಂತ ಬೇಡ. ಭಜನಿ ಪದದ ಏರಿಳಿತವೇ ಅದರ ಜೀವ.

ದನಿ ಎಡಕಿವಿಗೆ ಮಾತ್ರ ಕೇಳುತ್ತಿದ್ದರೆ ಮೈಕ್ ಕೆಟ್ಟಿಲ್ಲ. ಸ್ಟೀರಿಯೋ ಆಗಿ ಹಿಡಿದಿದ್ದೀರಿ. ಟ್ರ್ಯಾಕ್ ಬೇರೆ ಮಾಡಿ, ಖಾಲಿ ಇರುವ ಬಲಭಾಗ ತೆಗೆದು, ಉಳಿದದ್ದನ್ನು ಮೋನೋ ಮಾಡಿ.

## ಹಂತ 10: ಉಳಿಸುವುದು, ಕಳಿಸುವುದು

ಮೂಲ ವೇವ್ ಫೈಲ್ ಅಳಿಸಬೇಡಿ. 16 ಬಿಟ್, 48 ಕಿಲೋಹರ್ಟ್ಸ್ ಮೋನೋ ಒಂದು ನಿಮಿಷಕ್ಕೆ 6 ಎಂಬಿ ಹತ್ತಿರ. ಒಂದು ತಾಸಿನ ಹಾಡು 350 ಎಂಬಿಗಿಂತ ಜಾಸ್ತಿ ಆಗುವುದಿಲ್ಲ. ಎರಡು ಕಡೆ ಇಡಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಯಾರಾದರೂ ನಂಬಿಕೆಯವರ ಹತ್ತಿರ. ಫೈಲ್ ಹೆಸರಿನಲ್ಲೇ ಊರು, ಹಾಡಿದವರು, ಪದ, ದಿನಾಂಕ ಇರಲಿ.

ಹಂಚಲು 192 ಕೆಬಿಪಿಎಸ್ ಎಂಪಿ3 ಸಾಕು. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ಮೆಸೇಜ್ ಆಗಿ ಹಿಡಿದರೆ ದನಿ ಹಿಂಡಿಹೋಗುತ್ತದೆ, ಇಷ್ಟು ಹೊತ್ತು ಮಾಡಿದ್ದೆಲ್ಲ ಕೇಳುವವರಿಗೆ ಮುಟ್ಟುವುದಿಲ್ಲ. ಯೂಟ್ಯೂಬಿಗೆ ಹಾಕುವವರು ಜೋರು ಮಾಡಿ ಮಾಡಿ ಹಾಕುವುದು ಬೇಡ. ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಇಡೀ ಹಾಡಿನ ಸರಾಸರಿ ಜೋರಿನ ಅಳತೆ) ಜೋರಿದ್ದರೆ ಯೂಟ್ಯೂಬೇ ಇಳಿಸುತ್ತದೆ.

## ಮುಂದೆ ದುಡ್ಡು ಕೂಡಿದಾಗ

ಮೊದಲು ವೈರ್ ಇರುವ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ, ಮೈಕ್ ಅಲ್ಲ. ಕೇಳದ ತಪ್ಪನ್ನು ತಿದ್ದಲು ಆಗುವುದಿಲ್ಲ. ಆಡಿಯೋ-ಟೆಕ್ನಿಕಾ ಎಟಿಎಚ್-ಎಂ20ಎಕ್ಸ್ ಆ ದರ್ಜೆಯಲ್ಲಿ ನೆಚ್ಚಬಹುದಾದದ್ದು. ಆಮೇಲೆ ಭಾರದ ಸ್ಟ್ಯಾಂಡ್, ಹಗುರ ಸ್ಟ್ಯಾಂಡುಗಳು ಮೈಕಿನ ತೂಕಕ್ಕೆ ಹಾಡಿನ ನಡುವೆ ಬಾಗುತ್ತವೆ. ಆಮೇಲೆ ತಬಲಾಕ್ಕೆ ಎರಡನೇ ಮೈಕ್. ಎರಡು ಮೈಕ್ ಹಾಕಿದಾಗ ಅವುಗಳ ನಡುವಿನ ದೂರ, ಪ್ರತಿ ಮೈಕಿಗೂ ಅದರ ಮುಂದಿನವರಿಗೂ ಇರುವ ದೂರದ ಮೂರು ಪಟ್ಟಾದರೂ ಇರಲಿ, ಇಲ್ಲದಿದ್ದರೆ ದನಿ ಟೊಳ್ಳಾಗುತ್ತದೆ.

ಜಾತ್ರೆ, ಪಾರಿಜಾತ, ದೊಡ್ಡಾಟ ಹಿಡಿಯುವವರಿಗೆ ಲ್ಯಾಪ್‌ಟಾಪ್ ಆಗುವುದಿಲ್ಲ. ಝೂಮ್ ಎಚ್1ಎನ್ ಥರದ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಬೇಕು, ಎರಡು ಎಎಎ ಸೆಲ್ ಮೇಲೆ ನಡೆಯುತ್ತದೆ. ಬಳಸಿದ್ದನ್ನು ಕೊಳ್ಳುವುದಾದರೆ ಮೂರು ಪರೀಕ್ಷೆ ಮಾಡಿ: ವೈರ್ ಬುಡ ಅಲ್ಲಾಡಿಸಿ ಕರಕರ ಬರುತ್ತದೆಯಾ ಕೇಳಿ, ಗೇನ್ ಗುಂಡಿಯನ್ನು ಸೊನ್ನೆಯಿಂದ ಪೂರ್ತಿ ತಿರುಗಿಸುತ್ತ ಕೇಳಿ, ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಕಿಲುಬು ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬಿಡಿ.